ಅರ್ಧ ಮಡಚಿದ ತಟ್ಟು

ಒಂದು ನಾಟಕ ಓದಿದ್ದಕ್ಕೆ ನನಗೆ ಬಿದ್ದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಕಮಲಾಪುರದ ಕೆಂಪು ಬಾಳೆಯ ಎರಡು ಗೊನೆ, ಅದೂ ಮೈ ತುಂಬಿಕೊಂಡವು, ಕೋರ್ಟಿನ ಮುಂದೆ ಕೂರುವ ಟೈಪಿಸ್ಟನ ಮನೆಗೆ ಹೋದವು. ಆ ಪುಸ್ತಕ ಇಡೀ ಕಲಬುರಗಿಯಲ್ಲಿ ಒಂದೇ ಇತ್ತು, ಅದು ನಮ್ಮ ಇಂಗ್ಲಿಷ್ ಲೆಕ್ಚರರ ಕೈಚೀಲದಲ್ಲಿತ್ತು. ಅದನ್ನು ಎರವಲು ತಂದು ಟೈಪ್ ಮಾಡಿಸಬೇಕಾಯಿತು. ಟೈಪಿಸ್ಟ್ ನಾಲ್ಕು ಗೊನೆ ಕೇಳಿದ್ದ, ನಾನು ಎರಡಕ್ಕೆ ಇಳಿಸಿದೆ. ಅದರ ಸೇಡು ತೀರಿಸಿಕೊಂಡನೋ ಏನೋ, ಕೊನೆಯ ಅಂಕಕ್ಕೆ ಸವೆದ ಕಾರ್ಬನ್ ಹಾಕಿ ಅಕ್ಷರವೆಲ್ಲ ಇರುವೆ ಸತ್ತಂತೆ ಮಾಡಿಟ್ಟ.

ಇದು ಸಣ್ಣ ಖರ್ಚು. ದೊಡ್ಡದೆಂದರೆ, ಕಮಲಾಪುರದಿಂದ ಕಲಬುರಗಿಗೆ ಬರುವ ಬಂಡಿಯಲ್ಲಿ ನನಗಿದ್ದ ಪಾಲು ಹೋಯಿತು, ಬಜಾರದ ಅರ್ಧ ಮಂದಿಯ ಮಾತು ಹೋಯಿತು. ಇದಕ್ಕೆಲ್ಲ ಕಾರಣ ಹಣ್ಣು ಮಾರುವ ಒಬ್ಬ ಮುದುಕ ಬಾಗವಾನ ಕೂರುತ್ತಿದ್ದ ಒಂದು ಗೋಣಿತಟ್ಟಿನಷ್ಟು ಜಾಗ. ಅದು ಅವನಿಗೆ ಉಳಿಯಬೇಕೋ, ಬೇರೆಯವರಿಗೆ ಹೋಗಬೇಕೋ ಎಂಬುದೊಂದೇ ಪ್ರಶ್ನೆ. ತಟ್ಟಿಗೂ ನಾಟಕಕ್ಕೂ ಎತ್ತಣ ಸಂಬಂಧ ಎಂದು ನೀವು ಕೇಳುತ್ತೀರಿ. ನಾನೂ ಅದನ್ನೇ ಕೇಳುತ್ತ ಎಷ್ಟೋ ದಿನ ಹಲ್ಲು ಕಡಿದಿದ್ದೇನೆ.

ನಾನು ಕಮಲಾಪುರದವನು. ಸ್ವಂತ ತೋಟವಿಲ್ಲ. ಇನ್ನೊಬ್ಬರ ತೋಟದ ಗೊನೆಗಳನ್ನು ಗಿಡದಲ್ಲಿರುವಾಗಲೇ ಮಾತಾಡಿ, ಕಡಿಸಿ, ತಂದು, ಶಹಾಬಜಾರದ ಕಡೆ ಒಂದು ಕೋಣೆಯಲ್ಲಿ ಹುಲ್ಲು ಹೊದಿಸಿ ಹಣ್ಣು ಮಾಡಿ ಮಾರುವುದು ನನ್ನ ಕೆಲಸ. ನಮ್ಮ ಮನೆತನದಲ್ಲಿ ವ್ಯಾಪಾರ ಮಾಡಿದವರು ಯಾರೂ ಇರಲಿಲ್ಲ, ಹೇಳಿಕೊಡುವವರೂ ಇರಲಿಲ್ಲ. ಮೋಸ ಹೋಗುತ್ತ ಹೋಗುತ್ತ ಕಲಿತೆ. ವ್ಯಾಪಾರದ ನಡುವೆಯೇ ಉರ್ದು ಮಾಧ್ಯಮದಲ್ಲಿ ಮೆಟ್ರಿಕ್ಕನ್ನೂ ಮುಗಿಸಿದೆ. ಯಾಕೆಂದರೆ ನಿಜಾಮರ ರಾಜ್ಯದಲ್ಲಿ ಕಚೇರಿಯ ಬಾಗಿಲು ತೆರೆಯುತ್ತಿದ್ದದ್ದು ಆ ಭಾಷೆಗೆ. ಸರ್ಕಾರಿ ಆಸ್ಪತ್ರೆಗೆ ಹಣ್ಣು ಪೂರೈಸುವ ಗುತ್ತಿಗೆಯ ಮೇಲೆ ನನ್ನ ಕಣ್ಣಿತ್ತು. ಅರ್ಜಿ ಬರೆಯಲು ಕಲಿತು, ಸಲಾಮು ಮಾಡಲು ಕಲಿತು, ಇನ್ನೇನು ಬಾಗಿಲು ತಟ್ಟಬೇಕು ಅನ್ನುವಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮರ ಆಳ್ವಿಕೆ ಮುಗಿದು ಹೊಸ ಸಾಹೇಬರು ಬಂದರು, ಅರ್ಜಿಗಳು ಇಂಗ್ಲಿಷಿಗೆ ತಿರುಗಿದವು. ನನ್ನ ಉರ್ದು ಮೆಟ್ರಿಕ್ಕು ಬಿಸಿಲಿಗೆ ಬಿದ್ದ ಹಣ್ಣಾಯಿತು. ಹಾಗಾಗಿ ಮೀಸೆ ದಪ್ಪಗಾದ ಮೇಲೆ ಇಂಟರ್ ಕಾಲೇಜಿನ ಬೆಂಚಿನ ಮೇಲೆ ಹೋಗಿ ಕೂತೆ. ನನಗೆ ಬೇಕಿದ್ದದ್ದು ಒಂದು ಅರ್ಜಿ ಬರೆಯುವಷ್ಟು ಇಂಗ್ಲಿಷು. ಸಿಕ್ಕಿದ್ದು ಆ ನಾಟಕ.

ಲೆಕ್ಚರರು ಮದರಾಸಿನ ಕಡೆಯಿಂದ ಬಂದವರು, ಚಿಕ್ಕ ವಯಸ್ಸು. ಪಠ್ಯಪುಸ್ತಕ ಸಪ್ಪೆ ಎಂದು ಅದನ್ನು ಬದಿಗಿಟ್ಟು ಯುರೋಪಿನ ಈ ಹೊಸ ನಾಟಕ ತೆಗೆದರು. ಎಕ್ಸಿಸ್ಟೆನ್ಷಿಯಲಿಸಂ ಎಂಬ ಶಬ್ದವನ್ನು ಅವರು ಬೋರ್ಡಿನ ಮೇಲೆ ಬರೆದರೆ ಬೋರ್ಡು ಸಾಲುತ್ತಿರಲಿಲ್ಲ. ಅದರ ಅರ್ಥ ಕನ್ನಡದಲ್ಲಿ ಹೇಳಿರೆಂದರೆ ಇನ್ನೊಂದು ಬೋರ್ಡು ಬೇಕಾಗುತ್ತಿತ್ತು.

ನಾಟಕದ ಕಥೆ ನನ್ನ ಬಾಯಲ್ಲಿ ಹೇಳಿದರೆ ಇಷ್ಟೇ. ಒಂದು ಕೋಟೆಯೂರು, ಅದಕ್ಕೆ ಒಂದೇ ಬಾಗಿಲು, ಬಾಗಿಲಿಗೆ ಬೀಗ, ಕೀಲಿ ಒಬ್ಬ ಕಾವಲುಗಾರನ ಕೈಯಲ್ಲಿ. ಹೊರಗೆ ಜೀವ ಉಳಿಸಿಕೊಳ್ಳಲು ಓಡಿ ಬಂದ ಜನ, ಬಾಗಿಲು ತೆರೆ ಎಂದು ಕೂಗುತ್ತಾರೆ. ಒಳಗಿನ ಜನ, ಕೀಲಿಯನ್ನು ಬಾವಿಗೆ ಎಸೆ ಎಂದು ಕೂಗುತ್ತಾರೆ. ಈ ಮಹಾರಾಯ ತೆರೆಯುವುದೂ ಇಲ್ಲ, ಎಸೆಯುವುದೂ ಇಲ್ಲ. ಎರಡು ಅಂಕ ಪೂರ್ತಿ ಕೀಲಿ ಹಿಡಿದು ನಿಂತೇ ಇರುತ್ತಾನೆ. ಕೊನೆಗೆ ಹೊರಗಿನ ಕೂಗು ನಿಲ್ಲುತ್ತದೆ. ಮೂರನೇ ಅಂಕದಲ್ಲಿ ಅವನೇ ನ್ಯಾಯಾಧೀಶನ ಹತ್ತಿರ ಹೋಗಿ ಶಿಕ್ಷೆ ಕೊಡಿ ಎನ್ನುತ್ತಾನೆ. ಏನು ಮಾಡಿದೆಯಪ್ಪಾ ಎಂದು ನ್ಯಾಯಾಧೀಶ ಕೇಳಿದರೆ, ನಾನೇನೂ ಮಾಡಲಿಲ್ಲ ಎನ್ನುತ್ತಾನೆ. ನ್ಯಾಯಾಧೀಶ ಎದ್ದು ಊಟಕ್ಕೆ ಹೋಗುತ್ತಾನೆ. ಪರದೆ.

ಎರಡು ಗೊನೆ ಕೊಟ್ಟು ತಂದ ನಾಟಕ ಹೀಗೆ ಮುಗಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಕ್ಲಾಸಿನಲ್ಲಿ ಎದ್ದು ನಿಂತೆ.

"ಸರ್, ಆ ಬಾಗಲಕ ಒಂದು ದಿಡ್ಡಿ ಇರಲಿಲ್ಲೇನ್ರಿ?"

"ದಿಡ್ಡಿ ಎಂದರೆ?"

"ದೊಡ್ಡ ಬಾಗಲದಾಗ ಇರೂ ಸಣ್ಣ ಬಾಗಲರೀ. ಹೆಂಗಸ್ರು ಮಕ್ಕಳ್ನ ಅದರಾಗ ಒಳಗ ಬಿಡಬಹುದಿತ್ತು. ಗಂಡಸರದು ಮುಂಜಾನಿ ನೋಡ್ಕೋತೀವಿ ಅಂತ ಹೇಳಿದ್ರ ಒಳಗಿನವ್ರೂ ಒಪ್ತಿದ್ರು."

"ನಾಟಕಕಾರ ದಿಡ್ಡಿ ಬರೆದಿಲ್ಲ."

"ಬರೀಬೇಕಾಗಿತ್ತಲ್ರೀ!"

ಹಿಂದಿನ ಬೆಂಚಿನಿಂದ ಶಹಾಬಜಾರದ ಒಬ್ಬ ಸಹಪಾಠಿ, ನನ್ನನ್ನು ಗೋಳು ಹೊಯ್ದುಕೊಳ್ಳಲಿಕ್ಕೇ ಕಾಲೇಜಿಗೆ ಬರುತ್ತಿದ್ದವನು, ಕೂಗಿದ: "ಸರ್, ಇಂವ ಬಾಗಲಾನೂ ಡಜನ್ ಲೆಕ್ಕದಾಗ ಮಾರ್ತಾನ್ರಿ. ಅರ್ಧ ಡಜನ್ ಬೇಕಂದ್ರ ಅರ್ಧ ಬಾಗಲ ಕೊಡ್ತಾನ."

ಕ್ಲಾಸೆಲ್ಲ ನಕ್ಕಿತು. ಲೆಕ್ಚರರು ನಗಲಿಲ್ಲ. "ನೀವು ಯಾವಾಗಲೂ ಮೂರನೆಯ ದಾರಿ ಹುಡುಕುತ್ತೀರಿ. ಇಲ್ಲಿ ಅದಿಲ್ಲ. ಸುಮ್ಮನೆ ನಿಂತದ್ದು ಕೂಡ ಅವನೇ ಮಾಡಿದ ಆಯ್ಕೆ. ಅದರ ಹೊಣೆ ಅವನದೇ," ಎಂದರು.

ನಮ್ಮ ಬಜಾರದಲ್ಲಿ ಆಗ ಹಾಲಿ ರೂಪಾಯಿಯೂ ಕಲ್ದಾರ್ ರೂಪಾಯಿಯೂ ಒಟ್ಟಿಗೆ ನಡೆಯುತ್ತಿದ್ದ ಕಾಲ. ನಿಜಾಮರ ನಾಣ್ಯ ಒಂದು ಕಿಸೆಯಲ್ಲಿ, ಹೊಸ ಸರ್ಕಾರದ್ದು ಇನ್ನೊಂದು ಕಿಸೆಯಲ್ಲಿ ಇಟ್ಟುಕೊಂಡು, ಗಿರಾಕಿಯ ಮುಖ ನೋಡಿ ಕೈ ಹಾಕುತ್ತಿದ್ದವನು ನಾನು. ಅಂಥವನಿಗೆ 'ಇದೋ, ಅದೋ, ಈಗಲೇ ಹೇಳು' ಎಂಬ ತತ್ವ ಹೇಳಿದರೆ ಹೇಗೆ ಹಿಡಿಸಬೇಕು? ಬದುಕು ಗೊತ್ತಿಲ್ಲದವರ ಮಾತು ಎಂದು ಕೂತುಬಿಟ್ಟೆ.

ಈಗ ತಟ್ಟಿನ ಮಾತಿಗೆ ಬರುತ್ತೇನೆ.

ಗೋಣಿಚೀಲ ಬಿಚ್ಚಿ ಹೊಲಿದ ಹಾಸಿಗೆ ನಮ್ಮ ಕಡೆ ತಟ್ಟು ಎನ್ನುತ್ತಾರೆ. ಬಜಾರದಲ್ಲಿ ಯಾರ ತಟ್ಟು ಎಲ್ಲಿ ಬೀಳುತ್ತದೋ ಆ ನೆಲ ಅವರದು. ಕಾಗದವಿಲ್ಲ, ಪತ್ರವಿಲ್ಲ. ಯಾರಾದರೂ ಊರಿಗೆ ಹೋದರೆ, ಜಡ್ಡು ಬಿದ್ದರೆ, ಪಕ್ಕದವರು ಅವರ ತಟ್ಟನ್ನು ದಿನಾ ಹಾಸಿ, ಸಂಜೆ ಎತ್ತಿಟ್ಟರೆ ಸಾಕು, ಜಾಗ ಉಳಿಯುತ್ತದೆ. ಹಾಸಿದ ತಟ್ಟಿನ ಮೇಲೆ ಬೇರೆಯವರು ಕೂರುವುದಿಲ್ಲ. ಆದರೆ ಯಾರಾದರೂ ಕೇಳಿದಾಗ 'ಇದು ಇಂಥವರದು' ಎಂದು ಹಾಸಿದವನು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಅದಕ್ಕೆ ಅವನೇ ಜಾಮೀನು. ಹೇಳದಿದ್ದರೆ ತಟ್ಟು ಬರೀ ಗೋಣಿ.

ನನ್ನ ಬಲಕ್ಕೆ ಕೂರುತ್ತಿದ್ದವನು ಚಾಚಾ. ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಬಾಗವಾನರವನು, ಪೇರಲ, ಸೀತಾಫಲ, ಕಾಲಕ್ಕೆ ತಕ್ಕ ಹಣ್ಣು ಮಾರುತ್ತಿದ್ದ. ಬೇವಿನ ಗಿಡದ ನೆರಳು ಸರಿಯಾಗಿ ಬೀಳುವ ಜಾಗ ಅವನದು. ಅವನು ನನಗೆ ಏನಾದರೂ ಉಪಕಾರ ಮಾಡಿದ್ದರೆ ಈ ಕಥೆ ನೇರವಾಗಿರುತ್ತಿತ್ತು, ನಾನು ಋಣ ತೀರಿಸಿದೆ ಎಂದು ಮುಗಿಸುತ್ತಿದ್ದೆ. ಅವನು ಮಾಡಿದ್ದು ತದ್ವಿರುದ್ಧ. ನಾನು ಮೊದಲ ಸಲ ಗೊನೆ ತಂದ ದಿನ ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿ, ಒಳಗೆ ನನ್ನ ಬೆರಳು ಹಿಡಿದು ವ್ಯಾಪಾರಕ್ಕೆ ಕೂತ. ನಮ್ಮಲ್ಲಿ ದೊಡ್ಡ ವ್ಯಾಪಾರವೆಲ್ಲ ಹೀಗೆ ಬಟ್ಟೆಯ ಕೆಳಗೆ, ಬೆರಳಿನ ಲೆಕ್ಕದಲ್ಲಿ ನಡೆಯುತ್ತದೆ, ಸುತ್ತಲಿನವರಿಗೆ ದರ ತಿಳಿಯಬಾರದಲ್ಲ. ನನಗೆ ಮಡಚಿದ ಬೆರಳಿಗೂ ನೆಟ್ಟಗಿನ ಬೆರಳಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವನು ಮಡಚಿ ಮಡಚಿ ಅರ್ಧ ದರಕ್ಕೆ ಎಲ್ಲ ಗೊನೆ ಎತ್ತಿಕೊಂಡು, "ಕಲ್ತಿ ನೋಡು ಬೇಟಾ, ಫೀ ಕೊಟ್ಟಂಗಾತು," ಎಂದಿದ್ದ.

ಪೊಲೀಸ್ ಆ್ಯಕ್ಷನ್ ಆದಾಗ ಬಜಾರ ಮುಚ್ಚಿತು. ತೆರೆದಾಗ ಮುಸಲ್ಮಾನ ವ್ಯಾಪಾರಿಗಳಲ್ಲಿ ಕೆಲವರು ಇರಲಿಲ್ಲ. ಚಾಚಾ ಹೈದರಾಬಾದಿಗೆ ಮಗಳ ಮನೆಗೆ ಹೋದ ಎಂದರು ಒಬ್ಬರು. ದಾರಿಯಲ್ಲೇ ಏನೋ ಆಯಿತಂತೆ ಎಂದರು ಇನ್ನೊಬ್ಬರು. ಅವನ ತಟ್ಟು ಮಾತ್ರ ನನ್ನ ಹಣ್ಣಿನ ಕೋಣೆಯಲ್ಲಿತ್ತು, ದಿನಾ ಅಲ್ಲೇ ಸುತ್ತಿ ಇಟ್ಟು ಹೋಗುತ್ತಿದ್ದ. ಕಾಯ್ದುಕೊಂಡಿರು ಎಂದೂ ಹೇಳಿರಲಿಲ್ಲ, ಬಿಡು ಎಂದೂ ಹೇಳಿರಲಿಲ್ಲ.

ನಾನು ಅದನ್ನು ತಂದು ಹಾಸಿದೆ. ಯಾಕೆ ಹಾಸಿದೆ ಎಂಬುದನ್ನು ಸ್ವಚ್ಛವಾಗಿ ಹೇಳುತ್ತೇನೆ. ತಟ್ಟು ಬಿದ್ದಿದ್ದರೆ ಅಲ್ಲಿ ಬೇರೆ ಯಾರೂ ಕೂರುವುದಿಲ್ಲ. ಬೇರೆಯವರು ಕೂರದಿದ್ದರೆ ನನ್ನ ಗೊನೆಗಳನ್ನು ಆ ಕಡೆ ವಾಲಿಸಿ ನೆರಳಿಗೆ ಇಡಬಹುದು. ಕೆಂಪು ಬಾಳೆಗೆ ಮಧ್ಯಾಹ್ನದ ಬಿಸಿಲು ತಾಗಿದರೆ ಸಿಪ್ಪೆ ಕಪ್ಪಾಗಿ ಗಿರಾಕಿ ಮೂಗು ಮುರಿಯುತ್ತಾನೆ. ಬಾಡಿಗೆಯಿಲ್ಲದೆ ನೆರಳು ಸಿಕ್ಕಿತು. ಇಷ್ಟೇ ವಿಷಯ.

ಆದರೆ ಬಜಾರ ಇಷ್ಟಕ್ಕೆ ಬಿಡಲಿಲ್ಲ. ಬುರ್ಖಾ ಹಾಕಿದ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಚೌಕಾಶಿ ಮಾಡದೆ ಹಣ್ಣು ಕೊಂಡು, "ಅಲ್ಲಾ ನಿಮಗ ಚೊಲೋ ಮಾಡ್ಲಿ," ಎಂದು ಹೋದಳು. ಎಡಕ್ಕೆ ಕೂರುತ್ತಿದ್ದ ಶರಣಸಿರಸಗಿಯ ಸೊಪ್ಪುಪಲ್ಲೆ ಮಾರುವ ಆಯಿ, ಬಾಯಿ ಬಿಟ್ಟರೆ ಬೈಗುಳವೇ ಬರುವ ಮುದುಕಿ, ಒಂದು ಸಿವುಡು ಮೆಂತ್ಯೆ ಪಲ್ಲೆ ಪುಕ್ಕಟೆ ಕೊಟ್ಟಳು. "ಇರ್ಲಿ ತಗೋಳೋ ಯಪ್ಪಾ. ಇಂಥ ದಿನದಾಗ ಇಷ್ಟು ಮಾಡೂದೂ ದೊಡ್ಡದು." ನನಗೆ ರೇಗಿಹೋಯಿತು. ನಾನು ಮಾಡಿದ್ದು ನೆರಳಿನ ವ್ಯಾಪಾರ, ಇವರು ಅದಕ್ಕೆ ಧರ್ಮದ ಹೆಸರು ಕಟ್ಟುತ್ತಿದ್ದಾರೆ. ಕೊಡದ ಮಾಲಿಗೆ ಮೆಚ್ಚುಗೆ ತೆಗೆದುಕೊಂಡರೆ ಮುಂದೆ ಒಂದು ದಿನ ಮಾಲು ಕೊಡಲೇಬೇಕಾಗುತ್ತದೆ, ವ್ಯಾಪಾರಿಗೆ ಇದು ಗೊತ್ತು.

ಆ ಸಿಟ್ಟಿನಲ್ಲೇ ಕ್ಲಾಸಿನಲ್ಲಿ ಕೇಳಿದೆ. "ಸರ್, ಒಬ್ಬಂವ ತನ್ನ ಲಾಭಕ್ಕ ಒಂದು ಕೆಲಸ ಮಾಡ್ತಾನ್ರಿ. ಮಂದಿ ಅದಕ್ಕ ಪುಣ್ಯ ಅಂತಾರ. ಈಗ ಅಂವ ಪುಣ್ಯವಂತನೋ, ಲಾಭಕೋರನೋ?"

ಲೆಕ್ಚರರ ಮುಖ ಅರಳಿತು. "ಮನಸ್ಸಿನಲ್ಲಿ ಏನಿತ್ತು ಎಂದು ಹೇಳಿಕೊಳ್ಳುವುದು ಸುಲಭ. ಮನುಷ್ಯನೆಂದರೆ ಅವನು ಮಾಡಿದ ಕೆಲಸ. 'ನಾನು ಬರೀ ಲಾಭಕ್ಕೆ ಮಾಡಿದೆ' ಎನ್ನುವುದೂ ತನಗೆ ತಾನೇ ಹೇಳಿಕೊಳ್ಳುವ ಸುಳ್ಳಾಗಿರಬಹುದು. ಬಹಳ ಒಳ್ಳೆಯ ಪ್ರಶ್ನೆ. ಎಲ್ಲರೂ ಇದರ ಮೇಲೆ ಪ್ರಬಂಧ ಬರೆದು ತನ್ನಿ. ಕೀಲಿ ಹಿಡಿದವನು ಸ್ವತಂತ್ರನೇ?"

ಹೊರಗೆ ಬಂದ ಮೇಲೆ ಇಡೀ ಕ್ಲಾಸು ನನ್ನ ಮೇಲೆ ಬಿತ್ತು. ಶಹಾಬಜಾರದವನು ಕೊರಳಪಟ್ಟಿ ಹಿಡಿದು, "ನಿಂಗ ಬಾಯಿ ಕಡೀತಿದ್ರ ನಿನ್ನ ಬಾಳೀಹಣ್ಣು ನೀನೇ ತಿನ್ನಬೇಕಿಲ್ಲೋ ಮಾರಾಯ. ನಮಗ್ಯಾಕ ಪ್ರಬಂಧ ಹಚ್ಚಿದಿ?" ಎಂದ.

ಪ್ರಬಂಧ ಬರೆಯುವ ಮೊದಲೇ ಬಜಾರದಲ್ಲಿ ಪ್ರಶ್ನೆ ಬಂತು. ಕೇಳಿದವನು ಬೆಳ್ಳುಳ್ಳಿ ವ್ಯಾಪಾರದ ಸಾವಕಾರ. ಬಜಾರದ ಪಂಚರಲ್ಲಿ ಹಿರಿಯ, ಕಮಲಾಪುರದಿಂದ ಬರುವ ಪಾಲಿನ ಬಂಡಿಯೂ ಅವನ ಹಿಡಿತದಲ್ಲಿ. ಅವನ ತಂಗಿಯ ಮಗನಿಗೆ ಒಂದು ಜಾಗ ಬೇಕಾಗಿತ್ತು, ಬೇವಿನ ನೆರಳಿನದೇ ಬೇಕಾಗಿತ್ತು.

"ಏನಪಾ, ಕಾಲೇಜ್ ಮಾಸ್ತರ," ಎಂದು ಶುರುಮಾಡಿದ. "ಈ ತಟ್ಟು ಯಾರ್ದು?"

"ಹಾಸೀನಿ ಅಷ್ಟರೀ."

"ಹಾಸಿದ್ದು ನನ್ನ ಕಣ್ಣಿಗಿ ಕಾಣಸ್ತದ. ಯಾರ್ದು ಅಂತ ಹೇಳು. ಹೋದಂವಂದು ಅಂದ್ರ ಹೋದಂವಂದು ಅನ್ನು, ನಾಳೆ ಯಾರ್ರ ಕೇಳಿದ್ರ ನೀನೇ ನಿಂತು ಜವಾಬು ಕೊಡು. ಇಲ್ಲಾಂದ್ರ ಎತ್ತು. ನೀ ಯಾ ಕಡೀಯಂವ ಅಂತ ಮಂದಿ ಕೇಳಾಕತ್ತಾರ."

ಆ ದಿನಗಳಲ್ಲಿ 'ಯಾ ಕಡೀಯಂವ' ಎಂಬ ಮಾತು ಹಗುರಾಗಿರಲಿಲ್ಲ. ಸುತ್ತ ನಾಲ್ಕು ಮಂದಿ ನಿಂತಿದ್ದರು. ನಾನು ಮಾಡುವ ಕೆಲಸವನ್ನೇ ಮಾಡಿದೆ. ವಲ್ಲಿ ತೆಗೆದು ಸಾವಕಾರನ ಕೈಮೇಲೆ ಹೊದಿಸಿ ಬೆರಳು ಹಿಡಿದೆ. ಬಾಯಿಂದ ಯಾರದೆಂದೂ ಹೇಳಬೇಕಾಗಿಲ್ಲ, ಇಲ್ಲ ಎಂದೂ ಹೇಳಬೇಕಾಗಿಲ್ಲ. ಒಂದು ಬೆರಳು ಮಡಚಿದೆ: ಅರ್ಧ. ಅವನು ಪೂರ್ತಿ ಬೆರಳು ಹಿಡಿದೆಳೆದ. ನಾನು ಮತ್ತೆ ಮಡಚಿದೆ. ಬಹಳ ಹೊತ್ತು ಹೀಗೆ ಒಳಗೊಳಗೇ ಎಳೆದಾಡಿ ಕೊನೆಗೆ ಅರ್ಧಕ್ಕೇ ಕುದುರಿತು. ಮರುದಿನ ಚಾಚಾನ ತಟ್ಟನ್ನು ನಡುವೆ ಮಡಚಿ ಹಾಸಿದೆ. ಉಳಿದ ಅರ್ಧ ನೆಲದ ಮೇಲೆ ಸಾವಕಾರನ ತಂಗಿಯ ಮಗ ಬೆಳ್ಳುಳ್ಳಿಯ ಬುಟ್ಟಿಗಳೊಂದಿಗೆ ಬಂದು ಕೂತ.

ನನಗೆ ಎಷ್ಟು ಹೆಮ್ಮೆ ಅಂತೀರಿ! ಆ ರಾತ್ರಿಯೇ ಪ್ರಬಂಧ ಬರೆದೆ. ಕೀಲಿ ಹಿಡಿದವನು ಸ್ವತಂತ್ರನೂ ಹೌದು, ಅಲ್ಲವೂ ಹೌದು, ಅವನಿಗೆ ಗೊತ್ತಿಲ್ಲದ್ದು ವ್ಯವಹಾರ ಒಂದೇ ಎಂದು ಬರೆದೆ. ಲೆಕ್ಚರರು ಅದರ ಕೆಳಗೆ ಕೆಂಪು ಶಾಯಿಯಲ್ಲಿ, 'ಇದು ದಲಾಲಿಯ ಅಭಿಪ್ರಾಯ. ನಿಮ್ಮದು ಯಾವುದು? ಮತ್ತೆ ಬರೆಯಿರಿ' ಎಂದು ಬರೆದು ವಾಪಸು ಕೊಟ್ಟರು.

ಇತ್ತ ಅರ್ಧದ ವ್ಯಾಪಾರ ಯಾರಿಗೂ ಹಿಡಿಸಲಿಲ್ಲ. ಸಾವಕಾರನಿಗೆ ಪೂರ್ತಿ ಸಿಗಲಿಲ್ಲವೆಂಬ ಸಿಟ್ಟು. ಬುರ್ಖಾದ ಹೆಣ್ಣುಮಗಳು ಮಡಚಿದ ತಟ್ಟನ್ನು ನೋಡಿ, ಹಣ್ಣು ಕೊಳ್ಳದೆ ಮುಂದೆ ಹೋದಳು. ಬೆಳ್ಳುಳ್ಳಿಯವನು ದಿನಕ್ಕೊಂದಿಷ್ಟು ಸರಿದು ಸರಿದು ಮಡಚಿದ ತಟ್ಟಿನ ಅಂಚಿನ ಮೇಲೂ ಬುಟ್ಟಿ ಹತ್ತಿಸಿದ. ನನ್ನ ಗೊನೆಗಳು ನೆರಳಿನಿಂದ ಹೊರಗೆ ಬಿದ್ದವು. ಇಷ್ಟು ಸಾಲದೆಂಬಂತೆ ಗಿರಾಕಿಗಳು ಹಣ್ಣನ್ನು ಮೂಸಿ ನೋಡತೊಡಗಿದರು. "ಬಾಳೀಹಣ್ಣಿಗಿ ಒಗ್ಗರಣಿ ಹಾಕೀಯೇನು?" ಎಂದು ಒಬ್ಬ ಕೇಳಿದ.

ಆಯಿ ಪುಕ್ಕಟೆ ಮೆಂತ್ಯೆ ನಿಲ್ಲಿಸಿದಳು. ಹಿಂದೆ ಕೊಟ್ಟದ್ದನ್ನೂ ವಾಪಸು ಕೇಳುವವಳಂತೆ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ, "ಯಾಕ ಆಯಿ, ಹಂಗ್ಯಾಕ ನೋಡ್ತೀ?" ಎಂದೆ.

"ಗೋಣಿ ಮಡಚಿದ್ದು ನೋಡಾಕತ್ತೀನಿ. ಮನಶ್ಯಾನ್ನೂ ಹಿಂಗ ಮಡಚಿ ಇಡಾಕ ಬರ್ತದೇನು ಅಂತ."

"ನಾ ಏನ್ ಮಾಡ್ಲಿ? ಪೂರ್ತಿ ಹೋಗೂದ್ರಾಗ ಅರ್ಧ ಉಳಿಸೀನಿ."

"ಅರ್ಧ ಜಾಗಾದಾಗ ಅಂವ ಬಂದು ಒಂಟಿಗಾಲ ಮ್ಯಾಲ ನಿಂತು ಮಾರಬೇಕೇನು? ಹೋಗೋ ಶಾಣ್ಯಾ."

ಎಲ್ಲರೂ ನನಗೇ ಬೈಯುತ್ತಾರೆ! ಬುಟ್ಟಿ ಸರಿಸುವವನನ್ನು ಒಬ್ಬರೂ ಕೇಳುವುದಿಲ್ಲ, ಅವನನ್ನು ತಂದು ಕೂರಿಸಿದ ಸಾವಕಾರನನ್ನು ಕೇಳುವುದಿಲ್ಲ, ಒಂದು ಮಾತೂ ಹೇಳದೆ ಹೋದ ಚಾಚಾನನ್ನಂತೂ ಕೇಳುವ ಹಾಗೇ ಇಲ್ಲ. ನಡುವೆ ನಿಂತು ಒಂದಿಷ್ಟು ಉಳಿಸಿದವನೇ ಎಲ್ಲರಿಗೂ ಕಳ್ಳ.

ಇದು ಹೇಗೆ ಮುಗಿಯಿತೆಂದರೆ, ಒಂದು ಭಾನುವಾರ ಲೆಕ್ಚರರು ಹಣ್ಣು ಕೊಳ್ಳಲು ಬಂದರು. ಕೆಂಪು ಬಾಳೆ ನೋಡಿ ಬೆರಗಾಗಿ, ಹೇಳಿದ ದರಕ್ಕೆ ಒಪ್ಪಿಕೊಂಡರು. ವಿದ್ಯಾವಂತರ ಈ ಚಾಳಿ ನನಗೆ ಮೊದಲಿಂದಲೂ ಆಗುವುದಿಲ್ಲ, ಒಂದು ಸಲವಾದರೂ 'ಕಡಿಮೆ ಮಾಡಿ' ಎನ್ನಬಾರದೇ? ಒಳ್ಳೆಯ ಗೊನೆ ಹಿಂದಿತ್ತು. ಅದನ್ನು ನೋಡಲೆಂದು ಅವರು ಒಂದು ಹೆಜ್ಜೆ ಮುಂದಿಟ್ಟರು. ಬೂಟುಗಾಲು ಮಡಚಿದ ತಟ್ಟಿನ ಮೇಲೆ ಬಿತ್ತು. ಬಜಾರದಲ್ಲಿ ಕೂತವರ ತಟ್ಟಿನ ಮೇಲೆ ಚಪ್ಪಲಿ ಕೂಡ ಇಡುವುದಿಲ್ಲ, ಅನ್ನ ಕೊಡುವ ಹಾಸು ಅದು. ಪಾಪ, ಅವರಿಗೇನು ಗೊತ್ತು.

ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

"ಕಾಲು ತಗೀರಿ ಸರ್! ಅದು ಚಾಚಾನ ಜಾಗ!"

ಕೂಗಿದ ಜೋರಿಗೆ ಆಚೆ ಕಡೆಯ ತಕ್ಕಡಿಗಳು ನಿಂತವು. ಲೆಕ್ಚರರು ಒಂದು ಕಾಲು ಮೇಲೆತ್ತಿಕೊಂಡು, ಎಲ್ಲಿ ಇಡಬೇಕೆಂದು ತಿಳಿಯದೆ ಕೊಕ್ಕರೆಯಂತೆ ನಿಂತರು. "ಯಾರ ಜಾಗ?" ಎಂದು ಮೆಲ್ಲಗೆ ಕೇಳಿದರು. ಕೇಳಿದವರಿಗೆ ಹೇಳಬೇಕು, ಅದು ಬಜಾರದ ಕಟ್ಟಳೆ. ಆದರೆ ಅವರಿಗೆ ಹೇಳುವ ಅಗತ್ಯವೇನೂ ಉಳಿದಿರಲಿಲ್ಲ. ಸಾವಕಾರ ತನ್ನ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತು ನನ್ನನ್ನೇ ನೋಡುತ್ತಿದ್ದ.

"ಏನಂದಿ? ಇನ್ನೊಮ್ಮಿ ಅನ್ನು."

ಇನ್ನೂ ಜಾರಿಕೊಳ್ಳಬಹುದಿತ್ತು. ಸಿಟ್ಟಿನಲ್ಲಿ ಅಂದೆ, ಅಭ್ಯಾಸದಿಂದ ಬಾಯಿಗೆ ಬಂತು, ಎಂದೆಲ್ಲ ಹೇಳಬಹುದಿತ್ತು. ವಲ್ಲಿ ಹೆಗಲ ಮೇಲೇ ಇತ್ತು, ಬೆರಳುಗಳೂ ಇದ್ದವು. ಆದರೆ ನಿಜ ಹೇಳುತ್ತೇನೆ, ಬೆಳ್ಳುಳ್ಳಿಯ ವಾಸನೆಗೆ, ಆಯಿಯ ಚುಚ್ಚುಮಾತಿಗೆ, ಕೆಂಪು ಶಾಯಿಗೆ, ಎಲ್ಲದಕ್ಕೂ ನನಗೆ ಸಾಕುಸಾಕಾಗಿತ್ತು. ಬಗ್ಗಿ ತಟ್ಟಿನ ಮಡಿಕೆ ಬಿಚ್ಚಿದೆ. ಬುಟ್ಟಿಯ ಕೆಳಗಿಂದ ಎಳೆದು ಪೂರ್ತಿ ಹಾಸಿದೆ.

"ಚಾಚಾಂದು ಅಂದೆ. ಅಂವ ಬರೂ ತನಾ ನಾ ಜಾಮೀನು."

"ಬರಲಿಲ್ಲಂದ್ರ?"

"ಬರಲಿಲ್ಲಂದ್ರೂ ಅವಂದೇ."

ಇದು ಮೂರ್ಖ ಮಾತು. ಬಾರದವನ ಜಾಗ ಅವನದು ಹೇಗಾಗುತ್ತದೆ? ಸಾವಕಾರ ತಟ್ಟನ್ನು ಮುಟ್ಟಲಿಲ್ಲ, ಬಾಯಿಬಿಟ್ಟು ಹೇಳಿದ ಜಾಗವನ್ನು ಪಂಚನಾದವನು ಮುಟ್ಟುವಂತಿಲ್ಲ. ತಂಗಿಯ ಮಗನಿಗೆ ಬುಟ್ಟಿ ಎತ್ತಲು ಸನ್ನೆ ಮಾಡಿ, ನನಗೆ ಇಷ್ಟೇ ಹೇಳಿದ: "ಚೊಲೋ ಆತು. ಇನ್ನ ಮ್ಯಾಲ ನಿನ್ನ ಗೊನಿ ನಿನ್ನ ಚಾಚಾನ ಬಂಡ್ಯಾಗ ಬರಲಿ."

ಚಾಚಾನಿಗೆ ಬಂಡಿ ಎಲ್ಲಿಂದ ಬರಬೇಕು? ಮಾರನೇ ವಾರದಿಂದ ಕಮಲಾಪುರದ ಪಾಲಿನ ಬಂಡಿಯಲ್ಲಿ ನನ್ನ ಗೊನೆಗೆ ಜಾಗವಿರಲಿಲ್ಲ. ಬಸ್ಸಿನ ತಲೆಯ ಮೇಲೆ ಹಾಕಿ ತಂದೆ. ದಾರಿಯ ಕುಲುಕಾಟಕ್ಕೆ ಅರ್ಧ ಹಣ್ಣುಗಳು ಮೈಯೆಲ್ಲ ಜಜ್ಜಿ ನುಗ್ಗಾಗಿ ಬರುತ್ತಿದ್ದವು. ಕಂಡಕ್ಟರು ನನ್ನ ಕಷ್ಟ ಮೂಸಿ ತಿಳಿದವನು, ಬಾಡಿಗೆಯಲ್ಲಿ ಒಂದು ಪೈಸೆ ಇಳಿಸಲಿಲ್ಲ. ಎಷ್ಟೋ ಮಂದಿ ರಾಮರಾಮ ಅನ್ನುವುದನ್ನೂ ನಿಲ್ಲಿಸಿದರು.

ಲೆಕ್ಚರರಿಗೆ ತಾವು ಎಲ್ಲಿ ಕಾಲಿಟ್ಟೆವೆಂಬುದು ತಿಳಿಯಲೇ ಇಲ್ಲ. ಮುಂದಿನ ಕ್ಲಾಸಿನಲ್ಲಿ, ಮನುಷ್ಯ ಆಯ್ಕೆ ಮಾಡುವ ಗಳಿಗೆಯಲ್ಲಿ ತೀರಾ ಒಂಟಿಯಾಗಿರುತ್ತಾನೆ, ಆ ಸಂಕಟವನ್ನು ಅವನು ಏಕಾಂತದಲ್ಲಿ ಅನುಭವಿಸುತ್ತಾನೆ ಎಂದು ವಿವರಿಸಿದರು. ನಾನು ಕೈ ಎತ್ತಿದೆ.

"ಏಕಾಂತ ಎಲ್ಲಿರ್ತದ್ರಿ ಸರ್? ನಾನು ಮಾಡಿದಾಗ ಇಡೀ ಬಜಾರ ನೋಡಾಕತ್ತಿತ್ತು. ನೀವೂ ಒಂಟಿಗಾಲ ಮ್ಯಾಲ ನಿಂತಿದ್ರಿ."

ಅವರು ಕನ್ನಡಕ ಒರೆಸಿಕೊಂಡು, ನಾಟಕಕ್ಕೆ ಬರೋಣ ಎಂದರು. ಎರಡನೇ ಪ್ರಬಂಧದಲ್ಲಿ ನಾನು ಆದದ್ದನ್ನೆಲ್ಲ ಬರೆದೆ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ. ಮೊದಲಿನದಕ್ಕಿಂತ ಕಡಿಮೆ ಅಂಕ ಬಂತು. 'ನಾಟಕ ಬಿಟ್ಟು ಬಾಳೆಹಣ್ಣಿನ ಬಗ್ಗೆ ಬರೆದಿದ್ದೀರಿ' ಎಂಬ ಷರಾ ಬೇರೆ. ಶಹಾಬಜಾರದವನು ಯಾವುದೋ ಗೈಡು ನೋಡಿ ನಕಲು ಮಾಡಿದ್ದ, ಅವನಿಗೆ ನನಗಿಂತ ಹೆಚ್ಚು. ಹೇಳಿ, ಇಂಥ ವಿದ್ಯೆಗೆ ಏನನ್ನಬೇಕು?

ಚಾಚಾ ಬಂದದ್ದು ಮುಂದಿನ ಸೀತಾಫಲದ ಕಾಲಕ್ಕೆ. ಮೈ ಅರ್ಧ ಇಳಿದುಹೋಗಿತ್ತು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನೇರವಾಗಿ ನನ್ನ ಮುಂದೆ ನಿಂತು, ಗಿರಾಕಿಯಂತೆ ಒಂದು ಹಣ್ಣು ಎತ್ತಿ ಹಿಸುಕಿದ.

"ಕ್ಯಾ ರೇ, ಇಂಥ ನುಗ್ಗಾದ ಮಾಲಿಗಿ ಏನು ಭಾವ ಹೇಳ್ತಿ?"

"ಚಾಚಾ! ಯಾವಾಗ ಬಂದಿ?"

"ಭಾವ ಕೇಳಿದೆ ನಾ."

ಭಾವ ಹೇಳಿದೆ. ಹೆಚ್ಚಾಯಿತು ಎಂದ. ಕಡಿಮೆ ಮಾಡಿದೆ. ಇನ್ನೂ ಹೆಚ್ಚು ಎಂದ. ಆಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ, "ಬಂದ ನೋಡು ಮುದಿಯಾ, ಬಂದ ಗಳಿಗ್ಗೇ ಚೌಕಾಶಿ," ಎಂದು ಬೈದಳು. ಆಗ ಅವನು ಹಣ್ಣು ಕೆಳಗಿಟ್ಟು ತನ್ನ ತಟ್ಟಿನ ಕಡೆ ತಿರುಗಿದ. ಮಡಚಿಟ್ಟ ದಿನಗಳಲ್ಲಿ ಮೇಲೆ ಬಿದ್ದ ಭಾಗ ಮುಂಜಾನೆಯ ಓರೆಬಿಸಿಲಿಗೆ ಬಿಳಿಚಿತ್ತು, ಕೆಳಗೆ ಹೋದ ಭಾಗ ಹಾಗೇ ಉಳಿದಿತ್ತು. ನಡುವೆ ಗೆರೆ ಎಳೆದಂತೆ ಕಾಣುತ್ತಿತ್ತು.

"ಇದು ಯಾಕ ಹಿಂಗಾಗ್ಯಾದ?"

"ಸ್ವಲ್ಪ ದಿನ ಮಡಚಿ ಹಾಸಿದ್ದೆ ಚಾಚಾ. ಆಮ್ಯಾಲ ಬಿಚ್ಚಿದೆ."

"ಆ ಸ್ವಲ್ಪ ದಿನ ನಾ ಅರ್ಧ ಸತ್ತಿದ್ನೇನು ಬೇಟಾ?"

ನನಗೆ ಮೈ ಉರಿದುಹೋಯಿತು. ಬಂಡಿ ಹೋಯಿತು, ಮಂದಿ ಹೋದರು, ಹಣ್ಣು ನುಗ್ಗಾಯಿತು, ಅಂಕ ಹೋಯಿತು. ಇವನಿಗೆ ಕಾಣುವುದು ಮಡಿಕೆಯ ಗೆರೆ! ಬಾಯಿಗೆ ಬಂದದ್ದೆಲ್ಲ ಹೇಳಬೇಕೆಂದು ಎದ್ದೆ. ಅಷ್ಟರಲ್ಲಿ ಅವನು ಚಪ್ಪಲಿ ಬಿಟ್ಟು, ತಟ್ಟಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎರಡೂ ಕೈಯಿಂದ ಗೋಣಿಯ ಅಂಚುಗಳನ್ನು ಸವರಿ ನೋಡುತ್ತಿದ್ದ, ನೆಲ ಅಲ್ಲೇ ಇದೆಯೋ ಇಲ್ಲವೋ ಎಂಬಂತೆ. ಎದ್ದವನು ಮತ್ತೆ ಕೂತು ನನ್ನ ಹಣ್ಣು ಜೋಡಿಸತೊಡಗಿದೆ. ಅವನು ತಲೆಯೆತ್ತದೆ, "ನಿನ್ನ ಗೊನಿ ಸರಸು. ನನ್ನ ನೆರಳಿನ್ಯಾಗ ಯಾಕ ಇಟ್ಟೀದಿ?" ಎಂದ. ಸರಿಸಿದೆ.

ಓದುವ ನಿಮಗೆ ನಾಲ್ಕು ಮಾತು ಹೇಳುತ್ತೇನೆ, ಪುಕ್ಕಟೆ. ನಾಟಕ ಕೊಳ್ಳುವುದಿದ್ದರೆ ಕೊನೆಯ ಅಂಕ ಮೊದಲು ಓದಿ ನೋಡಿ, ಮನಸ್ಸಿಗೆ ಬರದಿದ್ದರೂ ಪರವಾಗಿಲ್ಲ, ಮುಂದೆ ಏನು ಕಾದಿದೆ ಎಂದು ಗೊತ್ತಿರುತ್ತದೆ. ದರದಲ್ಲಿ ಎಷ್ಟು ಬೇಕಾದರೂ ಅರ್ಧ ಮಾಡಿ, ಅದು ನಿಮ್ಮ ಜಾಣತನ. ಆದರೆ ಊರಲ್ಲಿಲ್ಲದವರ ಜಾಗ ನಿಮ್ಮ ಕೈಗೆ ಬಂದರೆ ಮೊದಲ ದಿನವೇ ನಿರ್ಧಾರ ಮಾಡಿ. ಬೇಡವಾದರೆ ಅಂದೇ ಎತ್ತಿ, ಯಾರಿಗೂ ಕಾರಣ ಹೇಳಲು ಹೋಗಬೇಡಿ. ಕಾಯುವುದಾದರೆ ಯಾರದೆಂದು ನಾಲ್ಕು ಮಂದಿ ಕೇಳುವಂತೆ ಅಂದೇ ಹೇಳಿ, ತಡಮಾಡಿದಷ್ಟೂ ಆ ಮಾತಿನ ಬೆಲೆ ಏರುತ್ತದೆ. ಯಾಕೆ ಹಾಗೆ ಹೇಳಿದೆ ಎಂದು ಕಾರಣ ಹುಡುಕುತ್ತ ಕೂರಬೇಡಿ, ನನಗೆ ಇನ್ನೂ ಸಿಕ್ಕಿಲ್ಲ. ಒಳ್ಳೆಯವನೆಂದು ಯಾರಾದರೂ ಬಂದು ಹೊಗಳುತ್ತಾರೆಂದು ಕಾಯಬೇಡಿ. ಮತ್ತೆ ಮುಖ್ಯವಾದ ಮಾತು: ಬಾಯಿ ತೆರೆಯುವ ಮುಂಚೆ ಇನ್ನೊಂದು ಬಂಡಿಯವನನ್ನು ಗೊತ್ತುಮಾಡಿಟ್ಟುಕೊಳ್ಳಿ, ಅದೂ ಸುಗ್ಗಿಗೆ ಮೊದಲೇ, ಅವನಿಗೆ ನಿಮ್ಮ ಅವಸರ ತಿಳಿಯದ ಹಾಗೆ.